ಬಾಣಂತಿಯ ಬೆಳ್ಳನೆ ಅನ್ನ

ಮಗು ಅಳುತ್ತಿತ್ತು. ಸದ್ದು ಬರುತ್ತಿರಲಿಲ್ಲ.

ಬಾಯಿ ತೆರೆದಿದೆ, ಮುಖ ಕೆಂಪೇರಿದೆ, ಮುಷ್ಟಿ ಬಿಗಿದಿದೆ. ದನಿ ಮಾತ್ರ ಇಲ್ಲ. ಇಂಥ ಅಳುವನ್ನು ನೀವು ನೋಡಿದ್ದೀರಾ? ನೋಡದಿದ್ದರೆ ಪುಣ್ಯವಂತರು. ಕೊಡಿಯಾಲ್‌ಬೈಲಿನ ನಮ್ಮ ಮನೆಯಲ್ಲೇ ನಾನು ನೋಡಿದೆ. (ಇಷ್ಟು ವಾರ ಈ ಅಂಕಣ ಏಕೆ ಬರಲಿಲ್ಲ ಎಂದು ವಿಚಾರಿಸಿದವರಿಗೆ ಇದೇ ಉತ್ತರ.)

ಮಗು ನನ್ನ ತಂಗಿ ಕಲ್ಯಾಣಿಯದು. ಹೆಣ್ಣು, ಮೂರು ತಿಂಗಳಾಗಿತ್ತು. ಬಾಣಂತನದ ಯಜಮಾನಿಕೆ ನಮ್ಮ ಅಮ್ಮನದು. ಅಮ್ಮ ಆ ತೆರೆದ ಬಾಯಿಯನ್ನು ನೋಡಿದವಳೇ ಗೋಡೆಗೆ ಒರಗಿದಳು.

“ಮೊದಲಿನದ್ದಕ್ಕೂ ಹೀಗೇ ಆದದ್ದು.”

ಮೊದಲಿನದು ಗಂಡು. ಇದೇ ಪ್ರಾಯದಲ್ಲಿ ಅದರ ಸ್ವರ ಹೋಯಿತು, ಮರುದಿನ ಅದೂ ಹೋಯಿತು. ದೃಷ್ಟಿ ಎಂದರು. ಗ್ರಹಚಾರ ಎಂದರು. ನಾವೂ ನಂಬಿದೆವು. ನಂಬದೆ ಏನು ಮಾಡುವುದು?

“ದೃಷ್ಟಿ ತೆಗೆಯುವವರನ್ನು ಕರೆಸು,” ಎಂದಳು ಅಮ್ಮ.

ಕಲ್ಯಾಣಿ ಮಗುವನ್ನು ಸೆರಗಿನಲ್ಲಿ ಸುತ್ತಿ ಎದ್ದೇ ಬಿಟ್ಟಳು. “ಅಣ್ಣ, ಗಾಡಿ ತನ್ನಿ. ಈ ಸಲ ನಾನು ಕಾಯುವುದಿಲ್ಲ.”

ಜಟಕಾದಲ್ಲಿ ಮೂವರೂ ಕೂತೆವು. ಹಂಪನಕಟ್ಟೆಯ ಆಸ್ಪತ್ರೆ ಅಷ್ಟು ದೂರವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಮ್ಮ ದಾರಿಯುದ್ದಕ್ಕೂ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದಿದ್ದಳು.

ಲೇಡಿ ಡಾಕ್ಟರ್ ಮಗುವಿನ ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ನೋಡಿದ್ದು ಮಗುವನ್ನಲ್ಲ, ತಾಯಿಯ ಪಾದವನ್ನು. ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಗುಳಿ ನಿಂತಿತು.

“ಕಾಲು ಜೋಮು ಹಿಡಿಯುತ್ತದಾ?”

“ಹೌದು. ಬಾಣಂತಿಗೆ ಅದೆಲ್ಲ ಉಂಟು ಅಂತ ಅಮ್ಮ ಹೇಳಿದ್ರು.”

“ಊಟ ಎಂತ?”

ಉತ್ತರ ಕೊಟ್ಟದ್ದು ಅಮ್ಮ. ಅಷ್ಟು ಹೆದರಿಕೆಯಲ್ಲೂ ಸ್ವರದಲ್ಲಿ ಸ್ವಲ್ಪ ಹೆಮ್ಮೆ ಇತ್ತು. “ಮಿಲ್ಲಿನ ಬೆಳ್ತಿಗೆ ಅಕ್ಕಿ ಡಾಕ್ಟ್ರೇ, ಮಲ್ಲಿಗೆಯ ಹಾಗೆ ಬಿಳಿ. ನೀರು ತಿಳಿಯಾಗುವವರೆಗೆ ತೊಳೀತೇನೆ. ಬೆಂದ ಮೇಲೆ ಗಂಜಿನೀರು, ತೆಳಿ ಪೂರಾ ಬಸಿದು ಅನ್ನ, ಕಾಳುಮೆಣಸಿನ ಸಾರು. ಬೇರೆ ಎಂತದೂ ಕೊಡುವುದಿಲ್ಲ. ಬೇಳೆ ವಾಯು, ಸೊಪ್ಪು ಶೀತ.”

“ನೀವೆಲ್ಲ ಎಂತ ಉಣ್ಣುವುದು?”

“ನಮಗೆಂತ, ಕುಚ್ಚಲಕ್ಕಿ ಗಂಜಿ.”

“ಬಸಿದ ತೆಳಿ, ಅಕ್ಕಿ ತೊಳೆದ ನೀರು?”

“ದನಕ್ಕೆ.”

ಡಾಕ್ಟರ್ ಕಪಾಟು ತೆರೆದರು. ವಿಟಮಿನ್ ಇಂಜೆಕ್ಷನ್. ಯುದ್ಧದಿಂದಾಗಿ ಹೊಸ ಮಾಲು ಬಂದಿಲ್ಲ, ಇದ್ದದ್ದು ಇಷ್ಟೇ ಎಂದರು. ಮಗುವಿಗೆ ಚುಚ್ಚಿದರು, ತಾಯಿಗೂ ಚುಚ್ಚಿದರು. ಇನ್ನು ಕಾಯಬೇಕು.

ಕಾಯುವಾಗ ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಅಕ್ಕಿಯ ಒಂದು ಸತ್ವ ಅದರ ತವುಡಿನಲ್ಲಿದೆ. ಮಿಲ್ಲು ತವುಡನ್ನು ಉಜ್ಜಿ ತೆಗೆಯುತ್ತದೆ. ಉಳಿದ ಚೂರುಪಾರು ತೊಳೆದ ನೀರಿನಲ್ಲಿ ಹೋಗುತ್ತದೆ, ಅದರಲ್ಲೂ ಉಳಿದದ್ದು ತೆಳಿಯಲ್ಲಿ. ಕುಚ್ಚಲಕ್ಕಿಯ ಕತೆ ಬೇರೆ. ಭತ್ತವನ್ನು ಉಮಿಯೊಡನೆ ಬೇಯಿಸುವಾಗಲೇ ಸತ್ವ ಕಾಳಿನೊಳಗೆ ಇಳಿದಿರುತ್ತದೆ. ತಾಯಿಗೆ ಅದು ಸಿಗದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಹಾಲಿನಲ್ಲಿ ಇಲ್ಲದಿದ್ದರೆ ಮಗುವಿನ ಸ್ವರ ಹೋಗುತ್ತದೆ, ಹೃದಯ ಸೋಲುತ್ತದೆ.

ಅಮ್ಮ ಎಲ್ಲವನ್ನೂ ಕೇಳಿದಳು. ಆಮೇಲೆ ತಲೆಯೆತ್ತಿದಳು.

“ಹಾಗಾದ್ರೆ... ಮೊದಲಿನದ್ದು?”

ಡಾಕ್ಟರ್ ಕೈ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು. ಕೊನೆಗೆ, “ಈ ಮಗುವನ್ನು ಸ್ವಲ್ಪ ಎತ್ತಿಕೊಳ್ಳಿ ಅಮ್ಮ, ಮಗಳಿಗೆ ಸುಸ್ತಾಗಿದೆ,” ಎಂದರು.

ಮಧ್ಯಾಹ್ನ ದಾಟುವಾಗ ಮಗುವಿನ ಏದುಸಿರು ಇಳಿಯಿತು. ಸಂಜೆಗೆ ಹಾಲು ಚೀಪಿತು. ಸ್ವರ ಬರಲು ಮಾತ್ರ ವಾರಗಳೇ ಹಿಡಿದವು. ಮೊದಲು ಕೀರಲು, ಆಮೇಲೆ ಒಂದು ಬೆಳಿಗ್ಗೆ ನೆರೆಮನೆಗೂ ಕೇಳುವಷ್ಟು ಗಟ್ಟಿ ಅಳು. ಕಲ್ಯಾಣಿ ಸಮಾಧಾನ ಮಾಡಲು ಹೋಗದೆ ಕೇಳುತ್ತ ಕೂತಳು.

ನಾವು ಮನೆಮಗಳಿಗೆ ಕಡಿಮೆ ಮಾಡಿದ್ದೆವೇ? ಇಲ್ಲ ಮಾರಾಯ್ರೆ, ಇದ್ದುದರಲ್ಲಿ ಅತ್ಯುತ್ತಮವನ್ನೇ ಕೊಟ್ಟಿದ್ದೆವು! ಬಿಳಿಯದೆಲ್ಲ ಒಳ್ಳೆಯದು ಎಂದು ನಮಗೆ ಹೇಳಿಕೊಟ್ಟವರು ಯಾರು?

ಮೊನ್ನೆ ನಮ್ಮ ದೊಡ್ಡಮ್ಮ ಬಾಣಂತಿಯನ್ನು ನೋಡಲು ಬಂದಿದ್ದರು. ಕಲ್ಯಾಣಿಯ ಮುಂದೆ ಕುಚ್ಚಲಕ್ಕಿ ಗಂಜಿ, ತೆಳಿಯ ಸಮೇತ. ಪಕ್ಕದಲ್ಲಿ ಹೆಸರುಕಾಳು, ಹರಿವೆ ಸೊಪ್ಪಿನ ಪಲ್ಯ. ದೊಡ್ಡಮ್ಮ ಮುಖ ಗಂಟಿಕ್ಕಿದರು.

“ಎಂತ ಇದು? ಗದ್ದೆ ಕೆಲಸದವರಿಗೆ ಬಡಿಸುವುದನ್ನು ಬಾಣಂತಿಗೆ ಬಡಿಸುವುದಾ? ಜನ ಎಂತ ಹೇಳಿಯಾರು? ಪಥ್ಯ ಅಂತ ಒಂದು ಇಲ್ವಾ?”

ಅಕ್ಕನಿಗೆ ಎದುರಾಡಿದ ಅಭ್ಯಾಸ ಅಮ್ಮನಿಗಿಲ್ಲ.

ಅಮ್ಮ ಇನ್ನೊಂದು ಸೌಟು ತೆಳಿಯನ್ನು ಮಗಳ ಬಟ್ಟಲಿಗೆ ಎರೆದಳು.

“ಪಥ್ಯಕ್ಕೆ ಒಂದು ಮಗುವನ್ನು ಕೊಟ್ಟಾಯ್ತು ಅಕ್ಕ. ಇದನ್ನು ಕೊಡುವುದಿಲ್ಲ.”



ಓದುಗರೇ, ನಿಮ್ಮ ಮನೆಯಲ್ಲೂ ಬಾಣಂತಿ ಇರಬಹುದು. ಅವಳ ಅನ್ನದ ತೆಳಿಯನ್ನು ಇವತ್ತು ಎಲ್ಲಿಗೆ ಚೆಲ್ಲಿದಿರಿ?