ರೋಜಿಯನ್ನು ನೋಡಲು ಹೋಗದ ನಜೀರಸಾಬ

ಬೈಲಹೊಂಗಲ. ಬೆಳಗಿನ ಐದೂವರೆ, ಡಿಸೆಂಬರಿನ ಚಳಿ. ಶಾಲೆಯ ಗೇಟಿನ ಮುಂದೆ ಪ್ರವಾಸದ ಬಸ್ಸು ನಿಂತಿದೆ. ಏಳನೇ ಇಯತ್ತೆಯ ಐವತ್ತೆರಡು ಮಕ್ಕಳು ಕಿಟಕಿ ಪಕ್ಕದ ಸೀಟಿಗಾಗಿ ಕುಸ್ತಿ ಹಿಡಿದಿದ್ದಾರೆ. ಬುತ್ತಿಗಂಟುಗಳು ಏರಿವೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗಿದೆ, ತೆಂಗಿನಕಾಯಿಯೂ ಒಡೆದಾಗಿದೆ. ಹತ್ತಲು ಒಲ್ಲದವರು ಡ್ರೈವರ್ ಒಬ್ಬರೇ. ನಲವತ್ತೊಂದರ ನಜೀರಸಾಬ ಬಸ್ಸಿನ ಮುಂದೆ ನಿಂತು, ಹೆಡ್ ಮಾಸ್ತರರು ಈಗಷ್ಟೇ ಕೈಗಿತ್ತ ಪ್ರವಾಸದ ಪಟ್ಟಿಗೆ ಬ್ಯಾಟರಿ ಬೆಳಕು ಬಿಟ್ಟುಕೊಂಡಿದ್ದಾರೆ.

"ಮಾಸ್ತರ, ಇದೊಂದ ಹೆಸರ ಹೊಡದ ಹಾಕ್ರಿ. ಈಗಿಂದೀಗ ಗಾಡಿ ಚಾಲೂ ಮಾಡತೇನಿ. ಇಲ್ಲಾ, ಬ್ಯಾರೆ ಡ್ರೈವರ್‌ನ ನೋಡ್ರಿ."

ಆ ಹೆಸರು ಕರಾವಳಿಯ ಒಂದು ಖಾಸಗಿ ಕೊಳದ್ದು. ಅಲ್ಲಿ ಡಾಲ್ಫಿನ್ ಕುಣಿಸಿ ತೋರಿಸುತ್ತಾರೆ. ಊರಿನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ, ಅದು ನಜೀರಸಾಬರ ಕಟ್ಟಪ್ಪಣೆ. "ನೀವು ಪೇಪರಿನ್ಯಾಗ ಹೆಸರ ಹಾಕಿದ್ರಂದ್ರ ಅದ ಜಾಹೀರಾತ ಆಗತೈತ್ರಿ. ಪುಕ್ಕಟೆ ಜಾಹೀರಾತ!"

ಹೆಡ್ ಮಾಸ್ತರ್ ಮಡಿವಾಳೆಪ್ಪನವರು ಮಫ್ಲರ್ ಸರಿಪಡಿಸಿಕೊಂಡು ತಲೆ ಕೆರೆದುಕೊಳ್ಳುತ್ತಾರೆ. ಅವರದೂ ಕೆಟ್ಟ ಮನಸ್ಸಲ್ಲ. "ಅಲ್ಲೋ ಮಾರಾಯಾ, ನಿನ್ನ ಸಲುವಾಗೇ ಸೇರಿಸೇನಿ ಅದನ್ನ! ಐದ ವರ್ಷ ಆತು, ರೋಜಿ ರೋಜಿ ಅಂತ ಜಪಾ ಮಾಡಾಕತ್ತಿ. ಒಮ್ಮೆ ಕಣ್ಣತುಂಬ ನೋಡಿ ಬರ್ಲಿ ಅಂದ್ರ, ನಂಗ ತಿರುಗಿ ಬೀಳ್ತಿಯಲ್ಲ."

ಈ ರೋಜಿ ಯಾರೆಂದು ಹೇಳಲೇಬೇಕು.

ನಜೀರಸಾಬ ನೇಸರಗಿಯವರು. ಎರಡು ಎಕರೆ ಹೊಲ, ಒಂದು ಜೋಡಿ ಎತ್ತು, ಐದು ಮಂದಿ ಅಣ್ಣತಮ್ಮಂದಿರು. ಹೊಲ ಎಲ್ಲರಿಗೂ ಸಾಲದೆಂದು ಇವರು ಸ್ಟೇರಿಂಗ್ ಹಿಡಿದರು. ಬೈಲಹೊಂಗಲದ ಅರಳೆ ಅಂಡಿಗೆಗಳನ್ನು ಲಾರಿಯಲ್ಲಿ ಹೊತ್ತು ಊರೂರು ತಿರುಗಿದರು. 1998ರಲ್ಲಿ ಕರಾವಳಿಗೆ ಹೋದಾಗ, ಬಂದರಿನಿಂದ ಈ ಕೊಳಕ್ಕೆ ದಿನಾ ಮೀನು ತರುವ ವ್ಯಾನಿಗೆ ಡ್ರೈವರ್ ಬೇಕೆಂದು ಕೇಳಿ ಅಲ್ಲೇ ನಿಂತುಬಿಟ್ಟರು. ಕಡಲನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿಯೂ ಇರಲಿಲ್ಲವಂತೆ.

ಕೆಲಸ ವ್ಯಾನಿಗೆ ಮುಗಿಯಲಿಲ್ಲ. ಬರ್ಫದಲ್ಲಿಟ್ಟ ಮೀನು ತೊಳೆಯುವುದು, ತೂಗುವುದು, ಬಕೀಟಿನಲ್ಲಿ ಹಾಕಿ ಕೊಳದ ದಂಡೆಗೆ ಒಯ್ಯುವುದು ಎಲ್ಲ ಇವರ ಹೆಗಲಿಗೇ ಬಿತ್ತು. ತಗಡಿನ ಚಾವಣಿಯ ಕೆಳಗೊಂದು ಸಿಮೆಂಟಿನ ಕೊಳ. ಉದ್ದಕ್ಕೆ ಇಪ್ಪತ್ತೆರಡು ಹೆಜ್ಜೆ, ಅಗಲಕ್ಕೆ ಹನ್ನೆರಡು. ಅದರೊಳಗೆ ಒಂಟಿಯಾಗಿ ರೋಜಿ ಎಂಬ ಡಾಲ್ಫಿನ್. ಬೆನ್ನಿನ ರೆಕ್ಕೆಯ ತುದಿ ಸೀಳಿತ್ತು. ಹಿಡಿಯುವಾಗ ಬಲೆಗೆ ಸಿಕ್ಕು ಹರಿದದ್ದೆಂದು ಅಲ್ಲಿಯವರು ಹೇಳಿದ್ದರು. ಜೊತೆಗೆ ಸಿಕ್ಕ ಇನ್ನೆರಡು ದಂಡೆಗೆ ಬರುವ ಮೊದಲೇ ಸತ್ತಿದ್ದವು.

"ಸಮುದ್ರದಾಗ ದಿನಕ್ಕ ಎಷ್ಟೋ ಮೈಲ ತಿರಗೂ ಪ್ರಾಣಿರೀ ಅದು. ಇಲ್ಲಿ ಗಾಣದ ಎತ್ತಿನಂಗ ಸುತ್ತಾಕಿದ್ಲು. ನಾ ಗೇಟ ತಗದ್ರ ಸಾಕು, ನೀರಿಂದ ಮಾರಿ ಹೊರಗ ಹಾಕಿ ನೋಡಾಕಿ. ನನ್ನ ಹೆಜ್ಜಿ ಸಪ್ಪಳ ಗುರ್ತ ಇತ್ರಿ ಆಕಿಗೆ."

ಕುಣಿತದ ಗುಟ್ಟೂ ಇವರಿಗೆ ಬೇಗ ತಿಳಿಯಿತು. ದಿನಕ್ಕೆ ಎರಡು ಆಟ. ಬೆಳಗಿನ ಆಟ ಶುರುವಾಗುವವರೆಗೆ ಮೀನು ಕೊಡುವಂತಿಲ್ಲ. ಸೀಟಿ ಊದಿದಾಗ ಜಿಗಿದರೆ ಒಂದು ಮೀನು, ಬಳೆಯೊಳಗಿಂದ ಹಾರಿದರೆ ಇನ್ನೊಂದು. ನೋಡುವ ಮಂದಿ, ಆಹಾ, ಎಷ್ಟು ನಗುತ್ತದೆ ನೋಡ್ರಿ ಎಂದು ಚಪ್ಪಾಳೆ ತಟ್ಟುತ್ತಿದ್ದರು. "ನಗೂದಲ್ರೀ, ಆಕಿ ಬಾಯಿ ಇರೂದ ಹಂಗ. ಸತ್ರೂ ಹಂಗ ಇರತೈತಿ," ಎನ್ನುವಾಗ ನಜೀರಸಾಬರಿಗೆ ನನ್ನ ಮೇಲೂ ಸಿಟ್ಟು ಬಂದಂತಿರುತ್ತದೆ.

1999ರ ಕಾರಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ತಾಗಿಸುವವರಿಲ್ಲ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೊಟ್ಟೆ ಬಿರಿಯುವಷ್ಟು ತಿನ್ನಿಸುತ್ತಾರೆ. ಆ ಬೆಳಿಗ್ಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ನಜೀರಸಾಬರಿಗೆ ಊರು ನೆನಪಾಯಿತು. "ಮನ್ಯಾಗ ಎತ್ತಿಗೆ ಹೋಳಗಿ ತಿನಸಾಕತ್ತಿರ್ತಾರ, ನಾ ಇಲ್ಲಿ ಇದನ್ನ ಉಪವಾಸ ಕೆಡವೇನಿ ಅನಿಸ್ತ್ರಿ. ಕೈ ತಡೀಲಿಲ್ಲ. ಬಕೀಟ ಪೂರಾ ಹಾಕಿದ್ನಿ. ಇನ್ನೊಂದ ತಂದು ಅದನ್ನೂ ಹಾಕಿದ್ನಿ."

ಹತ್ತು ಗಂಟೆಯ ಆಟಕ್ಕೆ ಮಂದಿ ತುಂಬಿತ್ತು. ಸೀಟಿ ಊದಿದರು. ರೋಜಿ ಜಿಗಿಯಲಿಲ್ಲ. ಮತ್ತೆ ಊದಿದರು, ಮೀನು ಆಡಿಸಿ ತೋರಿಸಿದರು. ಆಕೆ ನಜೀರಸಾಬ ನಿಂತಿದ್ದ ಮೂಲೆಗೆ ಬಂದು ದಂಡೆಗೆ ತಲೆ ಆನಿಸಿ ಸುಮ್ಮನೆ ತೇಲುತ್ತಾ ಉಳಿದಳು. ಮಂದಿ ಕೂಗೆಬ್ಬಿಸಿ ದುಡ್ಡು ವಾಪಸ್ ಕೇಳಿತು. ಸಂಜೆಯೊಳಗೆ ನಜೀರಸಾಬರ ಟ್ರಂಕು ಗೇಟಿನ ಹೊರಗಿತ್ತು. ರೋಜಿಗೆ ಹೇಳಿಬರಲೂ ಬಿಡಲಿಲ್ಲ.

ಊರಿಗೆ ಬಂದು ಬಾಡಿಗೆ ಬಸ್ಸು ಓಡಿಸತೊಡಗಿದರು. ನವೆಂಬರಿನಿಂದ ಜನವರಿಯವರೆಗೆ ಹದಿನೆಂಟು, ಇಪ್ಪತ್ತು ಪ್ರವಾಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆಗಳು ಇವರನ್ನೇ ಕೇಳುತ್ತವೆ. ಇಷ್ಟು ವರ್ಷದಲ್ಲಿ ಒಂದು ಮಗುವಿಗೂ ತರಚಿಲ್ಲ. ಷರತ್ತು ಒಂದೇ: ಪಟ್ಟಿಯಲ್ಲಿ ಆ ಕೊಳ ಇರಬಾರದು. ರಾಮದುರ್ಗದ ಒಂದು ಶಾಲೆಯವರು ಬೇರೆ ಬಸ್ಸು ಮಾಡಿಕೊಂಡು ಹೋದರು, ಮತ್ತೆ ಇವರನ್ನು ಕರೆಯಲಿಲ್ಲ. "ಹೋಗ್ಲಿ ಬಿಡ್ರಿ. ಇಲ್ಲಿ ಟಿಕೆಟ್ ಹರದ್ರ ಅಲ್ಲಿ ಸಮುದ್ರದಾಗ ಮತ್ತೊಂದು ಜಾಳಿ ಬೀಸ್ತಾರ. ಖುರ್ಚಿ ಖಾಲಿ ಬಿದ್ರ ಯಾಂವ ಬೀಸ್ತಾನ?"

"ಮೊದ್ಲ ನಾ, ಈ ಮನಶ್ಯಾ ದೂರದ ದಾರಿಗೆ ಮೈಗಳ್ಳತನ ಮಾಡಾಕತ್ತಾನ ಅಂದ್ಕೊಂಡಿದ್ನಿ," ಎಂದು ರಾಜೇಶ್ವರಿ ಅಕ್ಕೋರು ನಗುತ್ತಾರೆ. ಅವರು ಇದೇ ಶಾಲೆಯ ವಿಜ್ಞಾನದ ಶಿಕ್ಷಕಿ. ಹೋದ ವಾರ ಕೊಳದವರ ಕರಪತ್ರ ಶಾಲೆಗೆ ಬಂದಾಗ ಅದನ್ನು ನಜೀರಸಾಬರಿಗೆ ತೋರಿಸಿದವರೂ ಅವರೇ. ಶಾಲಾ ಮಕ್ಕಳಿಗೆ ರಿಯಾಯತಿ, ಡ್ರೈವರನಿಗೆ ಊಟ ಉಚಿತ ಎಂದೆಲ್ಲ ಅಚ್ಚಾಗಿತ್ತು. ಮೇಲೊಂದು ಬಣ್ಣದ ಫೋಟೋ. ಬಳೆಯೊಳಗಿಂದ ಹಾರುವ ಡಾಲ್ಫಿನ್ನಿನ ರೆಕ್ಕೆಯ ತುದಿ ಸೀಳಿತ್ತು.

ರೋಜಿ ಬದುಕಿದ್ದಾಳೆ!

ಅಂದಿನಿಂದ ಮನೆಯಲ್ಲಿ ಊಟ ಸೇರಿಲ್ಲವೆಂದು ಹೆಂಡತಿ ಖತಿಜಾಬಿಯ ದೂರು. "ಮೊದ್ಲೂ ಹಿಂಗ ಇದ್ರು ನೋಡ್ರಿ. ತಿಂಗಳಿಗೊಮ್ಮೆ ನವಿಲುತೀರ್ಥದ ಡ್ಯಾಮಿಗೆ ಹೋಗಿ ನೀರ ನೋಡಕೋತ ಕುಂಡ್ರತಾರ. ಸವತಿ ಇದ್ದಿದ್ರ ಜುಟ್ಟ ಹಿಡದ ಜಗಳಾ ತಗೀತಿದ್ನಿ. ಮೀನಿನ ಕೂಡ ಏನಂತ ಜಗಳಾ ಮಾಡ್ಲಿ?"

ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದು ನಜೀರಸಾಬ ತಿದ್ದಿದರೆ, ಹೌದು ಹೌದು, ಎಲ್ಲಾ ಗೊತ್ತು ಎಂದು ಆಕೆ ಒಳಗೆ ಹೋಗುತ್ತಾರೆ.

ಈಗ ಶಾಲೆಯ ಗೇಟಿನ ಬಳಿ ಬೆಳಕು ಹರಿಯುತ್ತಿದೆ. ತಡವೇಕೆಂದು ಮಕ್ಕಳೇ ಕೇಳತೊಡಗಿದಾಗ, ರಾಜೇಶ್ವರಿ ಅಕ್ಕೋರು ನಜೀರಸಾಬರನ್ನು ಬಸ್ಸಿನೊಳಗೆ ಕರೆದು, ನೀವೇ ಹೇಳಿ ಎನ್ನುತ್ತಾರೆ. ಇವರಿಗೆ ಭಾಷಣ ಬರುವುದಿಲ್ಲ. ಕಂಬಿ ಹಿಡಿದು, ನನಗೆ ಹೇಳಿದ್ದನ್ನೇ ಹೇಳುತ್ತಾರೆ: ಹನ್ನೆರಡು ಹೆಜ್ಜೆ ಅಗಲದ ನೀರು, ಹರಿದ ರೆಕ್ಕೆ, ಎರಡು ಬಕೀಟು ಮೀನು.

"ಕಾಕಾ, ಆಕಿನ್ನ ಬಿಡಸಾಕ ನಾವೇನ ಮಾಡಬೇಕ್ರಿ?" ಎರಡನೇ ಸೀಟಿನ ಉಮಾಶ್ರೀ ಕೇಳುತ್ತಾಳೆ.

"ಭಾಳ ಏನಿಲ್ಲವ್ವಾ. ನೋಡಾಕ ಹೋಗಬಾರ್ದು. ಹೋಗೂ ಮಂದಿಗೆ ಬ್ಯಾಡ ಅನ್ನಬೇಕು. ಕೊಳದ ಮಾಲಕಗ, ಸರಕಾರದವ್ರಿಗೆ, ಒಂದೊಂದ ಕಾರ್ಡ ಬರದ್ರ ಇನ್ನೂ ಛಲೋ."

ಡಾಲ್ಫಿನ್ ಆಟ ತಪ್ಪಿತೆಂದು ಹಿಂದಿನ ಸೀಟಿನ ಇಬ್ಬರು ಹುಡುಗರ ಮುಖ ಬಾಡುತ್ತದೆ, ಒಬ್ಬ ಅತ್ತೂಬಿಡುತ್ತಾನೆ. ಮಡಿವಾಳೆಪ್ಪನವರು ಕಿಸೆಯಿಂದ ಪೆನ್ನು ತೆಗೆದು ಹೆಸರಿನ ಮೇಲೆ ಗೀಟು ಎಳೆದು, ಕಾರವಾರದ ದಂಡೆಯಲ್ಲಿ ಇನ್ನೊಂದು ದಿನ ಎಂದು ಬರೆಯುತ್ತಾರೆ. "ಹಟಮಾರಿ ಅದಿ ನೀ," ಎಂದು ಬೆನ್ನು ತಟ್ಟುತ್ತಾರೆ. ಬಸ್ಸು ಹೊರಡುತ್ತದೆ.

ಬಸ್ಸು ಕಿತ್ತೂರು ದಾಟುತ್ತದೆ. ನಾನು ಪಕ್ಕದಲ್ಲೇ ಇದ್ದೇನೆ, ಕೇಳದೆ ಇರಲಾಗುವುದಿಲ್ಲ. ಒಂದು ಬಸ್ಸು ಹೋಗದಿದ್ದರೆ ಕೊಳ ಮುಚ್ಚುತ್ತದೆಯೇ? ಒಮ್ಮೆ ಹೋಗಿ ನೋಡಿದ್ದರೆ ಏನಾಗುತ್ತಿತ್ತು?

"ಮುಚ್ಚೂದಿಲ್ರಿ, ಗೊತ್ತೈತಿ. ನೋಡೂ ಆಸೆ ಅಂತೀರಾ? ಈ ಸ್ಟೇರಿಂಗ ತಾನ ಆ ಕಡೆ ತಿರಗತೈತೇನೋ ಅನಸ್ತೈತ್ರಿ. ಆದ್ರ ನಾ ಐವತ್ತೆರಡ ಮಂದೀನ ಕರಕೊಂಡ ಹ್ವಾದ್ರ, ಅವರ ಮುಂದ ಜಿಗ್ಯಾಕ ಆಕಿನ್ನ ಉಪವಾಸ ಕೆಡವತಾರ. ನನ್ನ ಸಲುವಾಗಿ ಆಕಿ ಹಸೀಬಾರ್ದು."

ರೋಜಿಗೆ ನಿಮ್ಮ ನೆನಪು ಇದ್ದೀತೇ ಎನ್ನುತ್ತೇನೆ. ಎದುರು ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಗೇರ್ ಬದಲಿಸಿ ಅವರು ಉತ್ತರಿಸುತ್ತಾರೆ.

"ಇರಬಾರ್ದ್ರಿ. ದಿನಾ ನಮಾಜಿನ್ಯಾಗ ಅದೊಂದ ಬೇಡತೇನಿ, ಆಕಿ ನನ್ನ ಮರತಿರ್ಲಿ ಅಂತ. ನೆನಪ ಇಟ್ಟಿದ್ರ, ಪಾಪ, ಇನ್ನೂ ನನ್ನ ದಾರಿ ನೋಡತಿರ್ತಾಳ."