ಕಮಾರೋ ಮಾರಿಬಿಡಿ ಎಂದ ಮೆಕ್ಯಾನಿಕ್

ಕ್ಯಾಲಿಫೋರ್ನಿಯಾದ ಹೇವರ್ಡಿನ ಗೋದಾಮುಗಳ ನಡುವಿನ ಶೆಡ್ಡಿನಲ್ಲಿ ಬೆಳಗಿನ ಆರಕ್ಕೇ ದೀಪ ಹತ್ತಿದೆ. ಐವತ್ತೆಂಟರ ಮುಕರ್ರಮ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಸದ್ದು ಆಲಿಸುತ್ತ ನಿಂತಿದ್ದಾರೆ. ೧೯೬೯ರ ಕಮಾರೋ ಕಾರು ಗುಡುಗುತ್ತಿದೆ. ಪಕ್ಕದಲ್ಲಿ ೧೯೬೬ರ ಮಸ್ಟಾಂಗ್ ಸರದಿ ಕಾಯುತ್ತಿದೆ.

ಎರಡೂ ಸ್ಯಾನ್ ರಮೋನ್‌ನ ವಿಕಾಸ್ ಅವರ ಕಾರುಗಳು. ಡಾಟ್‌ಕಾಮ್ ಕಂಪನಿಯ ಷೇರು ಏರಿದಾಗ ಕೊಂಡದ್ದು. ಈಗ ಆ ಕಂಪನಿಯೇ ಮುಚ್ಚಿ ಅವರ ಕೆಲಸವೂ ಹೋಗಿದೆ, ಒಂದನ್ನು ಮಾರಬೇಕು. ಯಾವುದನ್ನು ಎಂದು ಇವತ್ತು ಮುಕರ್ರಮ್ ಹೇಳಬೇಕು.

ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತ ಇವರು ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಎರಡು ವರ್ಷದ ಹಿಂದೆ ತಿಂಗಳಿಗೆ ಹದಿನೆಂಟು ಹಳೆಯ ಕಾರುಗಳು ಬರುತ್ತಿದ್ದವು. ಈಗ ಉಳಿದಿರುವುದು ಈ ಎರಡೇ. ಬಲಗೈ ತುಂಬ ಸುಟ್ಟ ಕಲೆಗಳು. "ಎಲ್ಲಾ ಕಮಾರೋದ್ದ ರೀ. ಎಂಜಿನ್ ಬಿಸಿ ಇದ್ದಾಗನ ವಾಲ್ವ್ ನೋಡಬೇಕ."

ಎರಡರಲ್ಲಿ ಯಾವುದು ಮೇಲು? "ಓಟಕ್ಕ ಕಮಾರೋ. ಫ್ರೀವೇ ಏರಿನಾಗ ಹಿಂದ ನೋಡಂಗಿಲ್ಲ. ಆದ್ರ ಗ್ಯಾಲನ್ನಿಗೆ ಹತ್ತ ಮೈಲು. ಮೂರು ತಿಂಗಳಿಗೊಮ್ಮೆ ವಾಲ್ವ್ ಕೆಲಸ, ಚಳಿಗೆ ಕಾರ್ಬುರೇಟರ್ ಮುನಿಸ್ಕೊಂತೈತಿ. ಮಸ್ಟಾಂಗ್ ಆರು ಸಿಲಿಂಡರಿಂದು, ಏರಿನಾಗ ತೇಕ್ತೈತಿ. ಆದ್ರ ಬಾನೆಟ್ ಒಳಗ ಒಬ್ಬ ಮನಶ್ಯಾ ಕುಂಡ್ರೂವಷ್ಟು ಜಾಗಾ. ಪುಸ್ತಕ ನೋಡ್ಕೊಂಡು ಯಾರಾದ್ರೂ ರಿಪೇರಿ ಮಾಡಬಹುದು."

ತೊಡಕಿರುವುದು ಅಲ್ಲೇ. ಕಮಾರೋ ಉಳಿದರೆ ಮುಕರ್ರಮ್ ಅವರ ಕೆಲಸ ಉಳಿಯುತ್ತದೆ. ಮಸ್ಟಾಂಗ್ ಉಳಿದರೆ ಮಾಲೀಕನಿಗೆ ಇವರೇ ಬೇಕಿಲ್ಲ.

ತಿಂಡಿ ತಂದ ಹೆಂಡತಿ ತಾಹಿರಾ ವರದಿಗೆಂದು ಬಂದ ನಮ್ಮ ಎದುರೇ ಮಾತೆತ್ತುತ್ತಾರೆ: "ನೀವಾದ್ರೂ ಹೇಳ್ರಿ ಇವರಿಗೆ. ಕಮಾರೋ ಇಟ್ಕೊಳ್ರಿ ಅನ್ನಾಕ ಬಾಯಿಗೇನ್ ನೋವೈತಿ? ಖರೇ ಹೇಳಿದ್ರ ಗ್ರೋಸರಿಯವ್ರು ಅಕ್ಕಿ ಕೊಡ್ತಾರೇನು?"

"ಡಬ್ಬಿ ತೆಗಿ, ಹಸಿವಾಗೇತಿ," ಎನ್ನುತ್ತಾರೆ ಮುಕರ್ರಮ್.

ಒಂಬತ್ತಕ್ಕೆ ವಿಕಾಸ್ ಬರುತ್ತಾರೆ. "ಏನ್ ಮುಕರ್ರಮ್ ಭಾಯ್, ಯಾವುದನ್ನ ಇಟ್ಕೊಳ್ಳೋದು? ನನ್ ಮನಸ್ಸೆಲ್ಲಾ ಕಮಾರೋ ಮೇಲೇ ಇದೆ."

ಹೂಂ ಅಂದರೆ ಸಾಕಿತ್ತು. ಮುಕರ್ರಮ್ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾರೆ. "ಕೆಲಸ ಇಲ್ಲದಾಗ ಕಮಾರೋ ಸಾಕಬಾರದ್ರಿ ಸಾಹೇಬ್ರ. ಮಾರಿಬಿಡ್ರಿ. ಮಸ್ಟಾಂಗ್ ನೀವ ನೋಡ್ಕೋಬಹುದು."

"ಹಾಗಾದ್ರೆ ಒಳ್ಳೇದೇ ಆಯ್ತು. ಇನ್ಮೇಲೆ ನಿಮ್ಗೆ ತೊಂದ್ರೆ ಕೊಡಲ್ಲ," ಎಂದು ವಿಕಾಸ್ ಉಪಕಾರ ಮಾಡಿದವರಂತೆ ನಗುತ್ತಾರೆ. ಅವರೊಂದಿಗೆ ಮಸ್ಟಾಂಗ್ ಹೊರಟುಹೋಗುತ್ತದೆ. ಕಮಾರೋ ಕೂಡ ಶೆಡ್ಡಿನಲ್ಲಿರುವುದು ಕೊಳ್ಳುವವರು ಬರುವ ತನಕ ಮಾತ್ರ.

ಷೇರು ಏರುತ್ತಲೇ ಇರುತ್ತದೆ ಎಂದು ಊರಿಗೆಲ್ಲ ಸುಳ್ಳು ಸಲಹೆ ಕೊಟ್ಟವರು ಇನ್ನೂ ಆಫೀಸಿಗೆ ಹೋಗಿ ಬರುತ್ತಿದ್ದಾರೆ. ನಿಜ ಹೇಳಿದವರು ಸಲಕರಣೆಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದಾರೆ. ತಾಹಿರಾ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಮುಕರ್ರಮ್ ರಸ್ತೆಯ ಕಡೆ ನೋಡುತ್ತಾರೆ. "ಸ್ಪಾರ್ಕ್ ಪ್ಲಗ್ ಹಾಕೂ ಮುಂದ ಮೊದಲ ಬೆರಳಿಂದ ತಿರುವಬೇಕ್ರಿ, ಆಮ್ಯಾಲ ಪಾನಾ ಹಚ್ಚಿ ಬಿಗಿ ಮಾಡಬೇಕು, ಅದೂ ಸ್ವಲ್ಪ. ಬಾಳ ಬಿಗಿ ಮಾಡಿದ್ರ ಎಂಜಿನ್ ಕೆಡ್ತೈತಿ. ಸಾಹೇಬ್ರಿಗೆ ಹೇಳೋದು ಮರ್ತೆ. ಪೇಪರ್‌ನಾಗ ಅದೊಂದು ಬರೀರಿ."