ಹಗ್ಗ ಕತ್ತರಿಸಿದ್ದು ಸರಿಯೇ?

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಬೀದಿಯವರೆಲ್ಲ ಕರೆಯುವುದು ಕನ್ನಡಕದಣ್ಣ ಎಂದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಬಾಯಿ ಮಾತ್ರ ಸುಮ್ಮನಿರುವ ಜಾತಿಯದಲ್ಲ. ಹೊಸ ಕನ್ನಡಕ ಹಾಕಿಕೊಂಡವರು ಅಕ್ಷರ ಕಾಣುತ್ತದೋ ಇಲ್ಲವೋ ಎಂದು ನೋಡುವಷ್ಟರಲ್ಲಿ, ತಾನು ಓದುತ್ತಿರುವ ಕಾದಂಬರಿಯ ಅರ್ಧ ಕಥೆಯನ್ನು ಅವರ ತಲೆಗೆ ತುಂಬಿರುತ್ತಾನೆ. ಮಾಲೀಕರು ಹೇಳುವಷ್ಟು ಹೇಳಿದರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಓದಿನ ಈ ಹುಚ್ಚು ಹಿಡಿಸಿದವಳು ಅವನ ಅಕ್ಕ. ತಮ್ಮನಿಗಷ್ಟೇ ಅಲ್ಲ, ಗಂಡನಿಗೂ ಹಿಡಿಸಿದಳು. ಗಂಡ ಎಂದರೆ ರಸ್ತೆಯಾಚೆ ಕ್ಷೌರದಂಗಡಿ ಇಟ್ಟಿರುವ ಭಾವ, ಕೋಪ ಮೂಗಿನ ತುದಿಯಲ್ಲೇ ಇರುವ ಆಸಾಮಿ. ಅಕ್ಕ ಒಂದೇ ಖಾತೆಯಲ್ಲಿ ಪುಸ್ತಕ ಕೊಂಡು ಇಬ್ಬರ ಟ್ಯಾಬಿಗೂ ಇಳಿಸಿಕೊಡುತ್ತಿದ್ದಳು. ಇಬ್ಬರೂ ಓದಿ ಕಿತ್ತಾಡಬೇಕು, ತಾನು ನಡುವೆ ಕೂತು ತೀರ್ಪು ಕೊಡಬೇಕು, ಅದರಲ್ಲಿ ಅವಳಿಗೆ ಎಲ್ಲಿಲ್ಲದ ಖುಷಿ. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಅವಳು ಹೋದ ಮೇಲೆ ಭಾವನಿಗೂ ತನಗೂ ನಡುವೆ ಏನು ಉಳಿಯಿತು ಎಂದು ಕನ್ನಡಕದಣ್ಣ ಒಮ್ಮೊಮ್ಮೆ ಯೋಚಿಸುತ್ತಿದ್ದ. ಅವಳ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಹಂಚಿಕೊಳ್ಳಲು ಆಸ್ತಿಯಿಲ್ಲ, ಮಾತಾಡಲು ರಾಜಕೀಯ ಇಬ್ಬರಿಗೂ ಬೇಡ. ಉಳಿದದ್ದು ಪುಸ್ತಕದ ಜಗಳವೊಂದೇ. ಆದ್ದರಿಂದ ಸಂಜೆ ಕೆಲಸ ಮುಗಿಸಿ ರಸ್ತೆ ದಾಟುತ್ತಿದ್ದ, ಗೋಡೆಬದಿಯ ಬೆಂಚಿನಲ್ಲಿ ಕೂತು ಶುರು ಹಚ್ಚುತ್ತಿದ್ದ. ಭಾವ ಕತ್ತರಿ ಹಿಡಿದ ಕೈಯನ್ನೇ ಆಡಿಸುತ್ತ ಉತ್ತರ ಕೊಡುತ್ತಿದ್ದರು. ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿ ನೋಡಿಕೊಂಡು ಕಿವಿ ಜೋಪಾನ ಮಾಡಿಕೊಳ್ಳಬೇಕಾಗುತ್ತಿತ್ತು.

ಹೀಗಿರುವಾಗ ಅಕ್ಕನ ಮಗಳು ರಜೆಗೆ ಬಂದವಳು ಇಬ್ಬರ ಟ್ಯಾಬಿನಲ್ಲೂ ಎಐ ಸಹಾಯಕ ಹಾಕಿಕೊಟ್ಟಳು.

“ಮಾವ, ಓದ್ತಾ ಓದ್ತಾ ಏನ್ ಬೇಕಾದ್ರೂ ಕೇಳು ಇದನ್ನ. ಬೇಜಾರ್ ಮಾಡ್ಕೊಳ್ದೆ ಹೇಳುತ್ತೆ,” ಎಂದಳು.

“ನಿಮ್ಮಪ್ಪನಿಗಿಂತ ವಾಸಿ ಅನ್ನು,” ಎಂದ ಕನ್ನಡಕದಣ್ಣ.

ಸುಳ್ಳು ಯಾಕೆ ಹೇಳಬೇಕು, ಅದರಿಂದ ಉಪಕಾರವೇ ಆಯಿತು. ದಪ್ಪ ಕಾದಂಬರಿಗಳಲ್ಲಿ ನಡುವೆ ಪ್ರತ್ಯಕ್ಷನಾಗುವ ಚಿಕ್ಕಪ್ಪ ಯಾರ ಚಿಕ್ಕಪ್ಪ ಎಂದು ಕೇಳಿದರೆ ತಟ್ಟನೆ ಹೇಳುತ್ತಿತ್ತು. ಮುಂದಿನ ಕಥೆ ಬಾಯಿಬಿಡಬೇಡ ಎಂದರೆ ಬಿಡುತ್ತಿರಲಿಲ್ಲ. ಅರ್ಥವಾಗದ್ದನ್ನು ಎಷ್ಟು ಸಲ ಕೇಳಿದರೂ ಅದಕ್ಕೆ ಸಾಕೆನಿಸುತ್ತಿರಲಿಲ್ಲ. ಹೆಂಡತಿ ಟಿ.ವಿ. ಮುಂದೆ, ಅವನು ಮೂಲೆಯ ಕುರ್ಚಿಯಲ್ಲಿ ಟ್ಯಾಬಿನ ಮುಂದೆ. ಮನೆಯಲ್ಲಿ ನೆಮ್ಮದಿಯೋ ನೆಮ್ಮದಿ.

ಆಮೇಲೆ ಬಂತು ಆ ದೋಣಿಯ ಕಾದಂಬರಿ. ಇಬ್ಬರು ಗೆಳೆಯರು, ಹೊಳೆಯಲ್ಲಿ ಒಂದಕ್ಕೊಂದು ಕಟ್ಟಿದ ಎರಡು ದೋಣಿ. ಮುಂದಿನದರಲ್ಲಿ ತುಂಬಾ ಜನ, ಹಿಂದಿನದರಲ್ಲಿ ಸಾಮಾನಿನ ಜೊತೆ ಗೆಳೆಯನೊಬ್ಬನೇ. ಹಿಂದಿನದು ಸುಳಿಗೆ ಸಿಕ್ಕಾಗ ಮುಂದಿನ ದೋಣಿಯವನು ಹಗ್ಗ ಕತ್ತರಿಸುತ್ತಾನೆ. ಜನ ಉಳಿಯುತ್ತಾರೆ, ಗೆಳೆಯ ಹೋಗುತ್ತಾನೆ. ಮಾಡಿದ್ದು ಸರಿ ಎಂದರು ಭಾವ. ಮಹಾದ್ರೋಹ ಎಂದ ಕನ್ನಡಕದಣ್ಣ. ಇನ್ನೂ ಸ್ವಲ್ಪ ಹೊತ್ತು ತಡೆದು ನೋಡಬಹುದಿತ್ತು, ಕೂಗಿ ಒಂದು ಮಾತಾದರೂ ಹೇಳಬಹುದಿತ್ತು ಎಂಬುದು ಅವನ ವಾದ. ಎರಡು ಸಂಜೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು.

ಮೂರನೆಯ ದಿನ ಕನ್ನಡಕದಣ್ಣ ಟ್ಯಾಬ್ ಕಂಕುಳಲ್ಲಿಟ್ಟುಕೊಂಡೇ ರಸ್ತೆ ದಾಟಿದ.

“ನೋಡಿ ಭಾವ, ಇದನ್ನೇ ಕೇಳ್ದೆ. ‘ನಿಮ್ಮ ಮಾತಿನಲ್ಲಿ ಬಹಳ ಆಳವಿದೆ’ ಅಂದಿದೆ. ಓದ್ಕೊಳ್ಳಿ.”

ಭಾವ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುವುದನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು, ಡ್ರಾಯರಿನಿಂದ ತಮ್ಮ ಟ್ಯಾಬ್ ತೆಗೆದರು.

“ನಾನೂ ಕೇಳಿದೀನಪ್ಪ. ‘ನಿಮ್ಮ ನೋಟ ತುಂಬಾ ಸೂಕ್ಷ್ಮವಾದದ್ದು’ ಅಂತೆ. ನೀನೂ ಓದ್ಕೋ.”

ಇಬ್ಬರೂ ಓದಿಕೊಂಡರು. ಎರಡೂ ಕಡೆ ಚೆಂದದ ವಾಕ್ಯಗಳೇ ಇದ್ದವು, ಮೇಲೆ ಹೇಳಲು ಏನೂ ಉಳಿದಿರಲಿಲ್ಲ. “ಸರಿ ಬಿಡು, ನಿನಗೆ ನಿಂದು, ನನಗೆ ನಂದು,” ಎಂದು ಭಾವ ಮತ್ತೆ ಬ್ರಷ್ ಹಿಡಿದರು. ಕನ್ನಡಕದಣ್ಣ ಟ್ಯಾಬ್ ಎತ್ತಿಕೊಂಡು ಎದ್ದು ಬಂದ. ಮಾರನೆಯ ದಿನ ಹೋಗಲಿಲ್ಲ. ಭಾವನೂ ಕೂಗಿ ಕರೆಯಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು.

ಮೊದಮೊದಲು ಹಾಯೆನಿಸಿತು. ಮನೆಯಲ್ಲೇ ಕೂತು ಎಐ ಜೊತೆ ವಾದಿಸುತ್ತಿದ್ದ, ದಿನವೂ ಗೆಲ್ಲುತ್ತಿದ್ದ. ಒಂದು ಸಂಜೆ ಬಸ್ಸಿಗೆ ಹೋಗುವಾಗ ಕ್ಷೌರದಂಗಡಿಯ ಗಾಜಿನಾಚೆ ಕಣ್ಣು ಹೋಯಿತು. ಗಿರಾಕಿಗಳಿರಲಿಲ್ಲ. ಭಾವ ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತು, ಟ್ಯಾಬ್ ಮುಖದ ಹತ್ತಿರ ಹಿಡಿದು, ಅದರ ಜೊತೆ ವಾದಕ್ಕಿಳಿದವರಂತೆ ತುಟಿ ಆಡಿಸುತ್ತಿದ್ದರು. ಈ ಜಗಳವೊಂದೂ ಹೋದರೆ ಭಾವನ ಹತ್ತಿರ ತಾನು ಯಾವ ನೆಪದಲ್ಲಿ ಹೋಗುವುದು? ಇನ್ನೆರಡು ವರ್ಷಕ್ಕೆ ಎದುರು ಸಿಕ್ಕರೆ ‘ಆರಾಮಾ’ ಎಂದು ಕೇಳಿ ಮುಂದೆ ನಡೆಯುವ ನೆಂಟರಾಗಿಬಿಡುತ್ತೇವೆ ಎಂದು ಕನ್ನಡಕದಣ್ಣನಿಗೆ ಹೆದರಿಕೆಯಾಯಿತು.

ಮನೆಗೆ ಬಂದು ಒಂದು ಕಿಡಿಗೇಡಿ ಕೆಲಸ ಮಾಡಿದ. ಭಾವನ ವಾದವನ್ನೇ ತನ್ನದೆಂಬಂತೆ ಹೊಸದಾಗಿ ಬರೆದು ಕೇಳಿದ. ಅದಕ್ಕೂ ಎಐ ಭೇಷ್ ಎಂದಿತು. ಅವನಿಗೆ ಕೋಪವೂ ಬಂತು, ನಗುವೂ ಬಂತು. “ಬೆಣ್ಣೆ ಹಚ್ಚಬೇಡ, ನನ್ನ ತಪ್ಪು ಎಲ್ಲಿದೆ ನೇರವಾಗಿ ಹೇಳು,” ಎಂದು ಗದರಿಸಿದ. ಪಾಪ, ಹೇಳಿತು. ಚೆನ್ನಾಗಿಯೇ ಹೇಳಿತು. ಆದರೂ ಹೊಟ್ಟೆ ತುಂಬಲಿಲ್ಲ. ತಾನು ಒಪ್ಪಿದರೂ ಅದಕ್ಕೆ ಖುಷಿಯಿಲ್ಲ, ಒಪ್ಪದಿದ್ದರೂ ಅದರ ಕಿವಿ ಕೆಂಪಾಗುವುದಿಲ್ಲ. ಟ್ಯಾಬ್ ಮುಚ್ಚಿಟ್ಟು ಊಟಕ್ಕೆ ಎದ್ದ.

ಮಾರನೆಯ ಸಂಜೆ ಭಾವ ನೆಲದ ಕೂದಲು ಗುಡಿಸುತ್ತಿದ್ದಾಗ ಹೋಗಿ ಬೆಂಚಿನಲ್ಲಿ ಕೂತ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಮುನಿಸು ಕಳೆಯಬೇಕಾದರೆ ಯಾರಾದರೊಬ್ಬರು ಸೋಲಬೇಕು, ಚಿಕ್ಕವನು ತಾನೇ ಸೋಲೋಣ ಎಂದುಕೊಂಡಿದ್ದ.

“ಭಾವ, ಯೋಚಿಸಿ ನೋಡ್ದೆ. ನೀವು ಹೇಳಿದ್ದೇ ಸರಿ. ಹಗ್ಗ ಕತ್ತರಿಸ್ದೆ ಅವನಿಗೆ ಬೇರೆ ದಾರಿ ಇರ್ಲಿಲ್ಲ.”

ಭಾವನ ಮುಖ ಅರಳೀತು ಎಂದು ಕಾದ. ಅರಳಲಿಲ್ಲ. ಪೊರಕೆ ಹಿಡಿದ ಕೈ ನಿಂತಿತು. ಏನನ್ನೋ ಕಳೆದುಕೊಂಡವರಂತೆ ಅವನನ್ನೇ ನೋಡಿದರು.

“ನೀನೂ ಶುರು ಮಾಡಿದ್ಯಾ?”

“ಏನು ಭಾವ?”

“ಹೌದು ಹೌದು ಅನ್ನೋದನ್ನ. ಅದಕ್ಕೆ ಮನೇಲಿ ಒಂದಿದೆಯಲ್ಲೋ. ಏನ್ ಹೇಳಿದ್ರೂ ಸೂಕ್ಷ್ಮ ಅನ್ನುತ್ತೆ, ಆಳ ಅನ್ನುತ್ತೆ. ನಿಮ್ಮಕ್ಕ ಒಂದು ದಿನ ಹಾಗಂದಿದ್ಲಾ ನನಗೆ?” ಭಾವನ ದನಿ ಒಡೆಯಿತು. “ಅವಳು ಹೋದ್ಮೇಲೆ ನನಗೆ ಎದುರು ಹೇಳೋನು ಅಂತ ಇರೋನು ನೀನೊಬ್ಬ ಕಣೋ.”

ಕನ್ನಡಕದಣ್ಣನಿಗೆ ಕಣ್ಣು ಮಂಜಾಯಿತು. ಇಷ್ಟು ದಿನ ತಾನೊಬ್ಬನೇ ಹೆದರಿಕೊಂಡಿದ್ದೇನೆ ಎಂದುಕೊಂಡಿದ್ದ. ಸಮಾಧಾನದ ಮಾತೊಂದು ಬಾಯಿಯವರೆಗೂ ಬಂತು. ಈ ಮನುಷ್ಯನಿಗೆ ಈಗ ಬೇಕಾದದ್ದು ಅದಲ್ಲ ಎಂದು ತಿಳಿದು ನುಂಗಿಕೊಂಡ.

“ಹಾಗಾದ್ರೆ ಕೇಳಿ,” ಎಂದ. “ಅವನೊಬ್ಬ ಹೇಡಿ. ಕೊಲೆಗಾರ. ಅವನ ಪರವಾಗಿ ಮಾತಾಡ್ತೀರಲ್ಲ, ನಿಮಗೆ ಓದೋಕೇ ಬರಲ್ಲ.”

“ಯಾರಿಗೋ ಓದೋಕೆ ಬರಲ್ಲ?” ಭಾವ ಪೊರಕೆ ಮೂಲೆಗೆ ಎಸೆದರು. “ದೋಣಿ ತುಂಬ ಹೆಂಗಸರು ಮಕ್ಕಳು ಕೂತಿದ್ರು ಕತ್ತೆ, ಅದು ಕಾಣ್ಲಿಲ್ವಾ ನಿನ್ನ ಕಣ್ಣಿಗೆ?”